ಐದು ಜನ, ಮೂರು ಬೋರ್ಡ್: ಗೆಳೆಯರ ಜೊತೆ ಇಳಿಜಾರಿನಲ್ಲಿ ಲಾಂಗ್‌ಬೋರ್ಡ್ ಓಡಿಸೋದು ಹೇಗೆ

ನಮ್ಮ ಗುಂಪಿನಲ್ಲಿ ಐದು ಜನ ಇದ್ದೇವೆ, ಬೋರ್ಡ್ ಇರುವುದು ಮೂರೇ. ಮೊದಮೊದಲು ಇದು ದೊಡ್ಡ ತಲೆನೋವು ಅನ್ನಿಸುತ್ತಿತ್ತು. ಈಗ ಯಾರಾದರೂ ಹೊಸಬರು ಬಂದು, ‘ನಾವು ನಾಲ್ಕು ಜನ, ನಾಲ್ಕೂ ಜನ ಬೋರ್ಡ್ ತಗೊಂಡಿದ್ದೀವಿ, ಎಲ್ಲಿ ಹೋಗೋದು?’ ಅಂತ ಕೇಳಿದರೆ, ಎರಡು ಬೋರ್ಡ್ ಮನೆಯಲ್ಲೇ ಬಿಟ್ಟು ಬನ್ನಿ ಅನ್ನುತ್ತೇನೆ. ತಮಾಷೆಗಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಲಾಂಗ್‌ಬೋರ್ಡ್ ನೋಡದವರಿಗೆ ಒಂದು ಮಾತು. ಇದು ಸ್ಕೇಟ್‌ಬೋರ್ಡಿನ ದೊಡ್ಡಣ್ಣ. ಹಲಗೆ ಉದ್ದ, ಚಕ್ರ ದೊಡ್ಡದು ಮತ್ತು ಮೆತ್ತಗೆ. ಎಂಜಿನ್ ಇಲ್ಲ, ಬ್ರೇಕೂ ಇಲ್ಲ, ಇಳಿಜಾರು ಎಳೆದಷ್ಟು ಓಡುತ್ತದೆ. 2017ರಲ್ಲಿ ಪೀಟ್ ಕಾನಲಿ ಅನ್ನುವವರು ಕೆನಡಾದ ಕ್ವಿಬೆಕ್‌ನಲ್ಲಿ ಬೋರ್ಡ್ ಮೇಲೆ ನಿಂತೇ ಗಂಟೆಗೆ 146.73 ಕಿ.ಮೀ. ವೇಗ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ಕಥೆ 25ರಿಂದ 35, ಅಷ್ಟೇ. ಸ್ಕೂಟರ್ ಮೇಲೆ 30 ಅಂದರೆ ಹಿಂದಿನವರು ಹಾರ್ನ್ ಹೊಡೀತಾರೆ. ಬೋರ್ಡ್ ಮೇಲೆ ನಿಂತು 30 ಅಂದರೆ ಕಣ್ಣಲ್ಲಿ ನೀರು ಬರುತ್ತದೆ.

ಮೊದಲು ಜಾಗ ನೋಡಿ

ಬೆಂಗಳೂರಿನವರಿಗೆ ಇಳಿಜಾರು ಅಂದ ತಕ್ಷಣ ನಂದಿ ಬೆಟ್ಟ ನೆನಪಾಗುತ್ತದೆ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ. ಎರಡೂ ಬೇಡ. ಅಲ್ಲಿ ತಿರುವಿನ ಆಚೆ ಏನು ಬರ್ತಿದೆ ಅಂತ ಕಾಣಲ್ಲ. ಜೊತೆಗೆ ಭಾನುವಾರ ಬೆಳಗ್ಗೆ ಕಾರು, ಬೈಕು, ಉಸಿರು ಬಿಡುತ್ತಾ ಹತ್ತುವ ಸೈಕಲ್‌ನವರು, ಬಸ್ಸು, ಮಂಗ, ಎಲ್ಲಾ ಒಟ್ಟಿಗೆ ಇರುತ್ತವೆ. ಎಲ್ಲರಿಗೂ ಹೆಸರು ಗೊತ್ತಿರುವ ಬೆಟ್ಟ ನಮ್ಮದಲ್ಲ ಅಂತ ತಿಳ್ಕೊಳ್ಳಿ.

ನಮಗೆ ಬೇಕಾಗಿರುವುದು ಊರ ಹೊರಗಿನ ಹೊಸ ಲೇಔಟ್. ಸೈಟ್ ಕಲ್ಲು ನೆಟ್ಟಿರುತ್ತಾರೆ, ಮೂವತ್ತು ಅಡಿ ನಲವತ್ತು ಅಡಿ ರಸ್ತೆಗೆ ಟಾರು ಹಾಕಿರುತ್ತಾರೆ, ಮನೆ ಮಾತ್ರ ಅಲ್ಲೊಂದು ಇಲ್ಲೊಂದು. ಈ ಕಡೆ ನೆಲ ಸಹಜವಾಗಿಯೇ ಏರಿಳಿತ ಇರೋದರಿಂದ ಒಂದಲ್ಲ ಒಂದು ರಸ್ತೆ ಇಳಿಜಾರಾಗಿ ಸಿಕ್ಕೇ ಸಿಗುತ್ತದೆ. ಗೇಟಿನಲ್ಲಿ ವಾಚ್‌ಮನ್ ಇದ್ದರೆ ಮೊದಲ ದಿನವೇ ಹೋಗಿ ಮಾತಾಡಿಸಿ. ‘ಅಣ್ಣ, ಬೆಳಗ್ಗೆ ಆರರಿಂದ ಎಂಟರವರೆಗೆ ಇಲ್ಲಿ ಆಡ್ತೀವಿ, ಯಾರಿಗೂ ತೊಂದರೆ ಕೊಡಲ್ಲ’ ಅಂತ ನೇರವಾಗಿ ಹೇಳಿ. ಬೇಡ ಅಂದರೆ ಬೇಡ, ಬೇರೆ ಲೇಔಟ್ ನೋಡಿ. ಕದ್ದು ಆಡಿದರೆ ಮುಂದಿನ ವಾರ ಅಲ್ಲಿ ನಿಮಗೂ ಜಾಗ ಇರಲ್ಲ, ನಿಮ್ಮ ಹಿಂದೆ ಬರುವವರಿಗೂ ಇರಲ್ಲ.

ಇಳಿಜಾರು ನೋಡುವಾಗ ಮೇಲಿಂದ ನೋಡಬೇಡಿ, ಕೆಳಗಿನಿಂದ ನೋಡಿ. ರಸ್ತೆ ಎಲ್ಲಿ ಮುಗಿಯುತ್ತದೆ? ಕೊನೆಯಲ್ಲಿ ಸಮತಟ್ಟು ಜಾಗ ಅಥವಾ ಸಣ್ಣ ಏರು ಇದ್ದರೆ ಬೋರ್ಡ್ ತಾನಾಗೇ ನಿಧಾನ ಆಗುತ್ತದೆ. ಮುಖ್ಯ ರಸ್ತೆಗೆ ಹೋಗಿ ಸೇರುತ್ತಿದ್ದರೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಎಷ್ಟು ಇಳಿಜಾರು ಅಂತ ತಿಳಿಯಲು ಫೋನ್ ಸಾಕು. ಮಟ್ಟ ತೋರಿಸುವ ಆ್ಯಪ್ ತೆರೆದು ಫೋನನ್ನು ಬೋರ್ಡಿನ ಮೇಲೆ ಉದ್ದಕ್ಕೆ ಇಡಿ. 3 ಡಿಗ್ರಿ ತೋರಿಸಿದರೆ 100 ಮೀಟರ್ ರಸ್ತೆಗೆ ಹೆಚ್ಚುಕಡಿಮೆ 5 ಮೀಟರ್ ಇಳೀತೀರಿ ಅಂತ ಅರ್ಥ. ಗಾಳಿ, ಘರ್ಷಣೆ ಏನೂ ಇಲ್ಲ ಅಂದುಕೊಂಡರೆ 5 ಮೀಟರ್ ಇಳಿತಕ್ಕೆ ವೇಗ ಗಂಟೆಗೆ 36 ಕಿ.ಮೀ., 10 ಮೀಟರ್‌ಗೆ 50. ನಿಜವಾದ ರಸ್ತೆಯಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆದರೂ ಲೆಕ್ಕ ತಲೆಯಲ್ಲಿರಲಿ. ಮೂರು ಮಹಡಿ ಮನೆಯಷ್ಟು ಎತ್ತರದಿಂದ ಇಳಿದರೆ ಸಾಕು, 50ರ ಹತ್ತಿರ ಹೋಗುವ ಸಾಧ್ಯತೆ ಇದೆ. ಕಣ್ಣಿಗೆ ಮಾತ್ರ ಅದು ‘ಇಷ್ಟೇನಾ’ ಅನ್ನೋ ತರ ಕಾಣುತ್ತದೆ. ಶುರುವಿಗೆ 2 ಡಿಗ್ರಿ ಒಳಗಿನ, ಉದ್ದಕ್ಕೂ ಕಾಣುವ, ನೇರ ರಸ್ತೆ ಹಿಡಿಯಿರಿ.

ನಡೆದು ಹತ್ತಿ, ಪ್ರತಿ ಸಲ

ಸ್ಕೂಟರ್ ಮೇಲೆ ಬೋರ್ಡ್ ಇಟ್ಟುಕೊಂಡು ನೇರ ಮೇಲೆ ಹೋಗಿಬಿಡುವ ಆಸೆ ಆಗುತ್ತದೆ. ಹೋದಾಗಲೆಲ್ಲ ಆ ದಿನದ ಮೊದಲ ಇಳಿತಕ್ಕೆ ಮಾತ್ರ ನಡೆದೇ ಹತ್ತಿ. ಜಲ್ಲಿ, ಮರಳು, ಮ್ಯಾನ್‌ಹೋಲ್ ಮುಚ್ಚಳ, ಪೈಪ್ ಹಾಕಲು ಅಗೆದು ಮುಚ್ಚಿದ ಜಾಗ, ಬಣ್ಣ ಬಳಿಯದ ಹಂಪ್, ಸಗಣಿ, ಹಿಂದಿನ ರಾತ್ರಿ ಯಾರೋ ಒಡೆದ ಬಾಟಲಿ. ಚಳಿಗಾಲದಲ್ಲಿ ಇಬ್ಬನಿ ಬಿದ್ದ ಟಾರು ಒಣಗಿರುವಂತೆ ಕಂಡರೂ ಜಾರುತ್ತದೆ, ಅಂಗೈ ಇಟ್ಟು ನೋಡಿ. ಮಳೆಗಾಲದಲ್ಲಿ ಬೋರ್ಡ್ ಹೊರಗೇ ತೆಗೀಬೇಡಿ.

ಒಂದು ಕಡ್ಡಿ ಪೊರಕೆ ಜೊತೆಗಿರಲಿ. ನಗಬೇಡಿ. ನಮ್ಮ ಹತ್ತಿರ ಇರುವ ಸಾಮಾನಿನಲ್ಲಿ ಹೆಲ್ಮೆಟ್ ಬಿಟ್ಟರೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅದೇ. ತಿರುವಿನಲ್ಲಿ ಕೂತ ಜಲ್ಲಿಪುಡಿ ಗುಡಿಸಲು ಐದು ನಿಮಿಷ ಸಾಕು.

ನಡೆಯದೆ ಇಳಿದರೆ ಏನಾಗುತ್ತದೆ ಅಂತ ನನ್ನ ಬಲ ಮೊಣಕೈ ಹೇಳುತ್ತದೆ. ಡಿಸೆಂಬರ್ ಕೊನೆ. ಹಿಂದಿನ ಭಾನುವಾರವಷ್ಟೇ ಅದೇ ರಸ್ತೆಯಲ್ಲಿ ಹತ್ತು ಸಲ ಇಳಿದಿದ್ದೆವು, ಮತ್ತೇನು ನೋಡೋದು ಅಂತ ನಾನೇ ಮೊದಲು ಹೊರಟೆ. ಸಣ್ಣ ತಿರುವು ದಾಟಿದರೆ ರಸ್ತೆ ತುಂಬಾ ರಾಗಿ ತೆನೆ. ಪಕ್ಕದ ಹಳ್ಳಿಯವರು ಒಕ್ಕಣೆಗೆ ಹರಡಿದ್ದರು. ಟಾರು ರಸ್ತೆ ಖಾಲಿ ಇದ್ದರೆ ಅವರಿಗೂ ಅದೇ ಕಣ ಅಲ್ವಾ. ಮುಂದಿನ ಚಕ್ರ ಹುಲ್ಲಿಗೆ ಸಿಕ್ಕಿ ನಿಂತಿತು, ನಾನು ನಿಲ್ಲಲಿಲ್ಲ. ಎದ್ದು ನೋಡಿದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಇಲ್ಲ, ಗಾಯದ ತುಂಬಾ ರಾಗಿ ಕಾಳು ಅಂಟಿಕೊಂಡಿತ್ತು. ಮರದ ಕೆಳಗೆ ಕೂತಿದ್ದ ಅಜ್ಜಿ ಎದ್ದು ಬಂದು, ‘ಬಿದ್ದಿದ್ದು ಬಿದ್ದೆ, ನನ್ ರಾಗಿನೂ ಚೆಲ್ಲಿಬಿಟ್ಟಲ್ಲಪ್ಪ’ ಅಂದರು. ಒಂದೇ ಕೈಯಲ್ಲಿ ರಾಗಿ ಒಟ್ಟುಮಾಡಿ ಕೊಟ್ಟು ಬಂದೆ.

ಬೋರ್ಡ್: ಇಷ್ಟು ನೋಡಿದರೆ ಸಾಕು

ಆಟಿಕೆ ಅಂಗಡಿಯಲ್ಲಿ ಸಿಗುವ ಗಟ್ಟಿ ಪ್ಲಾಸ್ಟಿಕ್ ಚಕ್ರದ ಬೋರ್ಡ್ ಇಳಿಜಾರಿಗೆ ಆಗಲ್ಲ. ಸಣ್ಣ ಕಲ್ಲು ಸಿಕ್ಕರೂ ಅದು ನಿಂತುಬಿಡುತ್ತದೆ. ಚಕ್ರ ಪಾಲಿಯುರೆಥೇನ್‌ದು ಆಗಿರಬೇಕು, ವ್ಯಾಸ ಸುಮಾರು 70 ಮಿ.ಮೀ., ಗಡಸುತನ 78ಎಯಿಂದ 80ಎ (‘ಎ’ ಅನ್ನೋದು ಗಡಸುತನದ ಅಳತೆ, ಅಂಕಿ ಏರಿದಷ್ಟೂ ಗಟ್ಟಿ). 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ರಾಂಕ್ ನಾಸ್‌ವರ್ದಿ ಈ ಚಕ್ರವನ್ನು ಸ್ಕೇಟ್‌ಬೋರ್ಡಿಗೆ ತಂದರು. ಅದಕ್ಕೂ ಮುಂಚೆ ಜನ ಲೋಹದ, ಜೇಡಿಮಣ್ಣು ಬೆರೆಸಿ ಮಾಡಿದ ಚಕ್ರದ ಮೇಲೆ ಓಡಾಡುತ್ತಿದ್ದರಂತೆ. ಅವರ ಹಲ್ಲು ಹೇಗೆ ಉಳಿದವೋ.

ಹಲಗೆ 36ರಿಂದ 40 ಇಂಚು ಇರಲಿ. ಮೊದಲ ಬೋರ್ಡ್ ಆದರೆ ‘ಡ್ರಾಪ್-ಥ್ರೂ’ ತಗೊಳ್ಳಿ. ಇದರಲ್ಲಿ ‘ಟ್ರಕ್’, ಅಂದರೆ ಚಕ್ರಗಳನ್ನು ಹಲಗೆಗೆ ಜೋಡಿಸುವ ಲೋಹದ ಭಾಗ, ಹಲಗೆಯನ್ನು ತೂರಿಕೊಂಡು ಕೂತಿರುತ್ತದೆ, ಹಾಗಾಗಿ ಹಲಗೆ ನೆಲಕ್ಕೆ ಹತ್ತಿರ. ಕಾಲು ಇಳಿಸಿ ಬ್ರೇಕ್ ಹಾಕಲು ಮೊಣಕಾಲು ಜಾಸ್ತಿ ಬಗ್ಗಿಸಬೇಕಾಗಿಲ್ಲ. ಟ್ರಕ್ ‘ರಿವರ್ಸ್ ಕಿಂಗ್‌ಪಿನ್’ ಮಾದರಿಯದು (ಅದರ ದಪ್ಪ ಬೋಲ್ಟ್ ಹೊರಮುಖವಾಗಿರುತ್ತದೆ) ಇರಲಿ, ವೇಗದಲ್ಲಿ ಸ್ಥಿರವಾಗಿರುತ್ತದೆ. ಟ್ರಕ್ಕಿನೊಳಗಿನ ಬುಶಿಂಗ್ ಅನ್ನುವ ರಬ್ಬರಿನಂಥ ತುಂಡು ನಿಮ್ಮ ತೂಕಕ್ಕೆ ಹೊಂದಬೇಕು. 60 ಕೆ.ಜಿ. ಇರುವವರಿಗೆ 85ಎ ಆಸುಪಾಸು, 80 ದಾಟಿದವರಿಗೆ 90ಎ ಅಥವಾ ಮೇಲೆ. ಗೆಳೆಯನ ಬೋರ್ಡ್ ಹತ್ತಿದಾಗ ನಡುಗುತ್ತಿದ್ದರೆ ಎಷ್ಟೋ ಸಲ ಕಾರಣ ಇದೇ.

ಬೇರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸಾಮಾನ್ಯ 608 ಬೇರಿಂಗ್: ಒಳ ವ್ಯಾಸ 8, ಹೊರ ವ್ಯಾಸ 22, ದಪ್ಪ 7 ಮಿ.ಮೀ. ಫಿಡ್ಜೆಟ್ ಸ್ಪಿನ್ನರ್ ನಡುವೆ ಇರುತ್ತಿತ್ತಲ್ಲ, ಅದೇ. ಯಾವ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಚಕ್ರದ ನಟ್ಟಿಗೆ 13ರ ಸ್ಪ್ಯಾನರ್ ಸರಿಹೋಗುತ್ತದೆ, ಜೇಬಿನಲ್ಲಿ ಒಂದು ಇಟ್ಟುಕೊಳ್ಳಿ.

ಹೆಲ್ಮೆಟ್, ಗ್ಲೋವ್ಸ್, ಶೂ

ಹೆಲ್ಮೆಟ್ ಇಲ್ಲದವರಿಗೆ ನಮ್ಮ ಗುಂಪಿನಲ್ಲಿ ಬೋರ್ಡ್ ಕೊಡುವುದಿಲ್ಲ, ‘ಒಂದೇ ಒಂದ್ ಸಲ’ ಅಂದರೂ ಕೊಡಲ್ಲ. ಸ್ಕೇಟ್ ಹೆಲ್ಮೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೈಕಿನ ಫುಲ್‌ಫೇಸ್ ಹೆಲ್ಮೆಟ್ ಹಾಕಿ. ಭಾರ, ಸೆಕೆ, ಆದರೆ ಗದ್ದ ಉಳಿಯುತ್ತದೆ. ಮೊಣಕಾಲಿಗೂ ಪ್ಯಾಡ್ ಇರಲಿ.

ಗ್ಲೋವ್ಸ್ ಮಾತ್ರ ನಾವೇ ಮಾಡಿಕೊಂಡಿದ್ದು. ಸ್ಲೈಡ್ ಮಾಡುವಾಗ, ಅಂದರೆ ಬೋರ್ಡನ್ನು ಅಡ್ಡ ಜಾರಿಸಿ ವೇಗ ಇಳಿಸುವಾಗ, ಕೈಯನ್ನು ರಸ್ತೆಗೆ ಊರಬೇಕಾಗುತ್ತದೆ, ಅದಕ್ಕೆ ಅಂಗೈ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಬೇಕು. ಇದನ್ನು ‘ಪಕ್’ ಅನ್ನುತ್ತಾರೆ. ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಹಲಗೆ ಇರುತ್ತಲ್ಲ, 10–12 ಮಿ.ಮೀ. ದಪ್ಪದ್ದು, ಅದರಿಂದ ಅಂಗೈ ಅಗಲದ ದುಂಡು ಬಿಲ್ಲೆ ಕತ್ತರಿಸಿ ಅಂಚನ್ನು ಅರದಿಂದ ಉಜ್ಜಿ ದುಂಡು ಮಾಡಿ. ಅಂಚು ಚೂಪಾಗಿದ್ದರೆ ರಸ್ತೆಯ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ವೆಲ್ಡಿಂಗ್‌ನವರು ಹಾಕುವ ಚರ್ಮದ ಗ್ಲೋವ್ಸ್ ತಗೊಂಡು ಇದನ್ನು ಅಂಟಿಸೋಣ ಅಂತ ಹೋದರೆ ಸೋಲುತ್ತೀರಿ, ಆ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯಲ್ಲ. ನಾವು ಮೂರು ತರದ ಅಂಟು ಹಾಳುಮಾಡಿದ ಮೇಲೆ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆವು. ಅವರು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕಾಯಿಸಿದ ಮೊಳೆಯಿಂದ ಅಂಚಿನಲ್ಲಿ ಎಂಟು ತೂತು ಮಾಡಿ, ತೂತಿನಿಂದ ತೂತಿಗೆ ಗೀರು ಕೊರೆದು, ಆ ಗೀರಿನೊಳಗೆ ನೈಲಾನ್ ದಾರ ಕೂರುವ ಹಾಗೆ ಹೊಲಿದರು. ದಾರ ರಸ್ತೆಗೆ ತಾಗುವುದೇ ಇಲ್ಲ. ಎರಡು ವರ್ಷ ಆಯ್ತು, ಬಿಲ್ಲೆ ಅರ್ಧ ಸವೆದಿದೆ, ಹೊಲಿಗೆ ಹಾಗೇ ಇದೆ.

ಅವರ ಹತ್ತಿರವೇ ಇನ್ನೊಂದು ಕೆಲಸ ಮಾಡಿಸಿ. ಬ್ರೇಕ್ ಹಾಕುವ ಕಾಲಿನ ಶೂ ಅಟ್ಟೆಗೆ ಹಳೇ ಟೈರಿನ ಚಪ್ಪಟೆ ತುಂಡು ಕೂರಿಸಿ. ಇಲ್ಲಾಂದ್ರೆ ತಿಂಗಳೊಳಗೆ ಕಾಲ್ಚೀಲ ಕಾಣುತ್ತದೆ.

ಹೋಗೋದಕ್ಕಿಂತ ಮುಂಚೆ ನಿಲ್ಲೋದು

ಇದನ್ನು ಸಮತಟ್ಟು ರಸ್ತೆಯಲ್ಲಿ ಕಲಿಯಿರಿ. ಮುಂದಿನ ಪಾದ ಬೋರ್ಡ್ ಹೋಗುವ ದಿಕ್ಕಿಗೇ ತಿರುಗಿರಲಿ. ಮೈಭಾರ ಎಲ್ಲಾ ಆ ಕಾಲಿನ ಮೇಲೆ. ಆ ಮೊಣಕಾಲು ಬಗ್ಗಿಸಿ, ಹಿಂದಿನ ಕಾಲನ್ನು ಬೋರ್ಡಿನ ಪಕ್ಕ ನೆಲಕ್ಕೆ ಇಳಿಸಿ, ಅಟ್ಟೆ ಪೂರ್ತಿ ಚಪ್ಪಟೆಯಾಗಿ ರಸ್ತೆಯನ್ನು ಸವರಬೇಕು. ಮೊದಲು ಬೆಕ್ಕು ಹೆಜ್ಜೆ ಇಟ್ಟಷ್ಟು ಹಗುರ, ಆಮೇಲೆ ನಿಧಾನಕ್ಕೆ ಒತ್ತಡ. ಎಲ್ಲರೂ ಮಾಡುವ ತಪ್ಪು ಒಂದೇ: ಭಯಕ್ಕೆ ಭಾರವನ್ನು ಹಿಂದಿನ ಕಾಲಿಗೆ ಹಾಕಿಬಿಡುತ್ತಾರೆ. ಬೋರ್ಡ್ ಮುಂದೆ ಹೋಗುತ್ತದೆ, ಇವರು ಹಿಂದೆ ಕೂರುತ್ತಾರೆ. ಶಬ್ದ ಕೇಳಿ. ‘ಸರ್ರ್’ ಅಂತ ಒಂದೇ ಸಮ ಬಂದರೆ ಸರಿ, ‘ಟಪ ಟಪ’ ಬಂದರೆ ಕಾಲು ಕುಪ್ಪಳಿಸ್ತಿದೆ.

ಸಮತಟ್ಟಿನಲ್ಲಿ ಬಂತು ಅಂದ ಮೇಲೆ ಇಳಿಜಾರಿನ ಬುಡದಲ್ಲಿ ರಂಗೋಲಿ ಪುಡಿಯಿಂದ ಅಡ್ಡ ಗೆರೆ ಎಳೆಯಿರಿ. ಗೆರೆಯಿಂದ ಹತ್ತು ಮೀಟರ್ ಮೇಲೆ ನಿಂತು ಹೊರಡಿ, ಗೆರೆ ದಾಟದೆ ನಿಲ್ಲಿ. ಸತತ ಮೂರು ಸಲ ನಿಂತರೆ ಇನ್ನು ಹತ್ತು ಮೀಟರ್ ಮೇಲೆ ಹೋಗಬಹುದು. ಒಂದು ಸಲ ಗೆರೆ ದಾಟಿದರೂ ವಾಪಸ್ ಕೆಳಗೆ. ನಮ್ಮಲ್ಲೊಬ್ಬ ಒಂದೇ ದಿನದಲ್ಲಿ ತುದಿ ಮುಟ್ಟಿದ, ಇನ್ನೊಬ್ಬಳಿಗೆ ನಾಲ್ಕು ಭಾನುವಾರ ಹಿಡಿಯಿತು. ಇವತ್ತು ಗುಂಪಿನಲ್ಲಿ ಚೆನ್ನಾಗಿ ಓಡಿಸುವವಳು ಅವಳೇ.

ಕಾಲಿನ ಬ್ರೇಕು ಒಂದು ವೇಗದವರೆಗೆ ಮಾತ್ರ. 35 ಮೀರಿದರೆ ಸ್ಲೈಡ್ ಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಬೆಟ್ಟಗಳಲ್ಲಿ ಓಡಿಸುತ್ತಿದ್ದ ಕ್ಲಿಫ್ ಕೋಲ್‌ಮನ್ ಹೆಸರಿನಲ್ಲೇ ಇದೆ ‘ಕೋಲ್‌ಮನ್ ಸ್ಲೈಡ್’. 15–20 ವೇಗದಲ್ಲಿ, ಅಗಲ ರಸ್ತೆಯಲ್ಲಿ, ಹಿಂದೆ ಯಾರೂ ಬರದಾಗ ಶುರುಮಾಡಿ. ಪೂರ್ತಿ ಕುಕ್ಕರುಗಾಲಿಗೆ ಇಳಿದು, ಹಿಂದಿನ ಮೊಣಕಾಲನ್ನು ಒಳಕ್ಕೆ ಮಡಚಿ. ಮೊದಲು ಕಾಲ್ಬೆರಳ ಕಡೆಗೆ ಸ್ವಲ್ಪ ತಿರುಗಿ, ತಕ್ಷಣ ಹಿಮ್ಮಡಿ ಕಡೆಗೆ ಜೋರಾಗಿ ತಿರುಗಿಸಿ. ಮುಂದಿನ ಕೈಯ ಪಕ್ ಬೆನ್ನ ಹಿಂದೆ ನೆಲಕ್ಕೆ ಊರಿ, ಇನ್ನೊಂದು ಕೈ ಬೀಸಿ ಬೋರ್ಡನ್ನು ರಸ್ತೆಗೆ ಅಡ್ಡ ತನ್ನಿ. ಚಕ್ರ ಉರುಳುವುದು ಬಿಟ್ಟು ಉಜ್ಜತೊಡಗುತ್ತದೆ, ವೇಗ ಇಳಿಯುತ್ತದೆ. ನೋಟ ಮಾತ್ರ ಹೋಗುವ ಕಡೆಗೇ ಇರಲಿ, ಬೋರ್ಡ್ ನೋಡಿದರೆ ಬೋರ್ಡ್ ಹತ್ತಿರವೇ ಬೀಳ್ತೀರಿ. ಓದಿದರೆ ಬರುವ ವಿದ್ಯೆ ಅಲ್ಲ ಇದು. ಇಪ್ಪತ್ತು ಮೂವತ್ತು ಸಲ ಕುಂಡೆ ಮೇಲೆ ಕೂರುತ್ತೀರಿ, ಹಳೇ ಜೀನ್ಸ್ ಹಾಕಿಕೊಂಡು ಹೋಗಿ.

ಕೆಳಗೆ ನಿಂತವರೇ ಬ್ರೇಕು

ಈಗ ಐದು ಜನಕ್ಕೆ ಮೂರು ಬೋರ್ಡ್ ಯಾಕೆ ಅಂತ. ಬೋರ್ಡ್ ಇಲ್ಲದ ಇಬ್ಬರು ಸುಮ್ನೆ ಕೂರಲ್ಲ. ಒಬ್ಬರು ತಿರುವಿನಲ್ಲಿ, ಒಬ್ಬರು ರಸ್ತೆಯ ಬುಡದಲ್ಲಿ ನಿಲ್ಲುತ್ತಾರೆ. ತಿರುವಿನಲ್ಲಿ ನಿಂತವರಿಗೆ ಮೇಲಿನವರೂ ಕಾಣಬೇಕು, ಆಚೆ ಬರುವ ಗಾಡಿಯೂ ಕಾಣಬೇಕು. ಅಂಥ ಜಾಗ ಹುಡುಕಿ ನಿಲ್ಲಿಸಿ, ಸಿಗದಿದ್ದರೆ ಆ ತಿರುವಿಗೆ ಇಬ್ಬರು ಬೇಕು.

ಮೊದಲು ನಮ್ಮ ನಿಯಮ ಉಲ್ಟಾ ಇತ್ತು. ಗಾಡಿ ಬಂದರೆ ಕೈ ಬೀಸು, ಇಲ್ಲಾಂದ್ರೆ ಸುಮ್ನಿರು. ಒಂದು ದಿನ ಕೆಳಗೆ ನಿಂತಿದ್ದವನಿಗೆ ಫೋನಿನಲ್ಲಿ ಏನೋ ಮೆಸೇಜ್ ಬಂತು. ಅವನು ತಲೆ ಬಗ್ಗಿಸಿ ಅದನ್ನು ಓದುವಷ್ಟರಲ್ಲಿ ಹಾಲಿನ ವ್ಯಾನ್ ತಿರುಗಿ ಒಳಗೆ ಬಂತು. ಕೈ ಬೀಸಿಲ್ಲ ಅಂದರೆ ರಸ್ತೆ ಖಾಲಿ ಅಂತ ಮೇಲಿದ್ದವಳು ಹೊರಟಾಗಿತ್ತು. ಅವಳು ರಸ್ತೆ ಬಿಟ್ಟು ಖಾಲಿ ಸೈಟಿನ ಲಂಟಾನ ಪೊದೆಗೆ ನುಗ್ಗಿ ಬಚಾವಾದಳು. ಡ್ರೈವರ್ ಇಳಿದು ಬಂದು ಬೈದರು, ಬೈಸಿಕೊಂಡೆವು.

ಅವತ್ತೇ ನಿಯಮ ಬದಲಾಯಿತು. ಒಂದು ಕೈ ನೇರ ಮೇಲೆತ್ತಿ ಹಿಡಿದಿದ್ದರೆ ಮಾತ್ರ ರಸ್ತೆ ಖಾಲಿ. ಎರಡೂ ಕೈ ತಲೆ ಮೇಲೆ ಕತ್ತರಿ ಹಾಕಿದರೆ ನಿಲ್ಲು. ಕೈ ಕಾಣದಿದ್ದರೂ ನಿಲ್ಲು. ಅಂದರೆ ನಿಂತವರು ಫೋನ್ ನೋಡಲಿ, ಆಕಳಿಸಲಿ, ಮೂತ್ರಕ್ಕೆ ಹೋಗಲಿ, ಯಾರೂ ಹೊರಡುವುದಿಲ್ಲ. ಕೈ ನೋಯುತ್ತದೆ ಅಂತ ದೂರು ಬರುತ್ತದೆ, ನೋಯಲಿ. ಕೂಗಿ ಹೇಳುವುದನ್ನು ನಂಬಬೇಡಿ. ಓಡುವವರ ಕಿವಿಯಲ್ಲಿ ಗಾಳಿ ಬಿಟ್ಟರೆ ಏನೂ ಕೇಳಲ್ಲ.

ಗಾಡಿ ಬಂದರೆ ನಾವು ನಿಲ್ಲಬೇಕು, ಗಾಡಿ ನಿಲ್ಲಿಸೋದಲ್ಲ. ರಸ್ತೆಯ ಎಡ ಭಾಗ ಬಿಟ್ಟು ಆಚೆ ಹೋಗಬೇಡಿ, ಎದುರು ಯಾರೂ ಇಲ್ಲ ಅಂತ ಗೊತ್ತಿದ್ದರೂ. ಒಬ್ಬರ ಹಿಂದೆ ಒಬ್ಬರು ಹೋಗುವಾಗ ಕನಿಷ್ಠ ಇಪ್ಪತ್ತು ಮೀಟರ್ ಬಿಡಿ. 30 ವೇಗದಲ್ಲಿ ಒಂದು ಸೆಕೆಂಡಿಗೆ ಎಂಟು ಮೀಟರ್ ಹೋಗಿರುತ್ತೀರಿ, ಮುಂದಿನವರು ಬಿದ್ದರೆ ಯೋಚಿಸಲು ಎರಡೂವರೆ ಸೆಕೆಂಡ್ ಸಿಗುತ್ತದೆ. ತೂಕ ಜಾಸ್ತಿ ಇರುವವರನ್ನು ಮುಂದೆ ಬಿಡಿ. ಅದೇ ಇಳಿಜಾರಿನಲ್ಲಿ ಅವರು ಹಗುರ ಇರುವವರಿಗಿಂತ ಬೇಗ ಹೋಗುತ್ತಾರೆ, ಹಿಂದೆ ಇದ್ದರೆ ಬಂದು ಗುದ್ದುತ್ತಾರೆ. ಕೆಳಗೆ ಮುಟ್ಟಿದ ತಕ್ಷಣ ರಸ್ತೆ ಬಿಟ್ಟು ಬದಿಗೆ ಹೋಗಿ, ಸೆಲ್ಫಿ ಅಲ್ಲಿ.

ಪ್ರತಿ ಎರಡು ಇಳಿತಕ್ಕೆ ಬೋರ್ಡ್ ಬದಲಾಗಲಿ. ತಾನು ನಿಂತು ಕೈ ಎತ್ತಿದವರಿಗೇ ಓಡುವಾಗ ಆ ಕೈಯ ಬೆಲೆ ಗೊತ್ತಾಗೋದು.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳೋಣ ಅನ್ನಿಸುತ್ತದೆ. ಬೇಡ. ನಿಧಾನ ಮಾಡಿ, ಇಳಿದು, ಬೋರ್ಡ್ ಕೈಗೆತ್ತಿಕೊಂಡು ನಡೆಯಿರಿ. ನಮ್ಮಲ್ಲಿನ ನಾಯಿಗಳಿಗೆ ಸಿಟ್ಟು ಬರುವುದು ಚಕ್ರದ ಶಬ್ದಕ್ಕೆ, ನಡೆಯುವವರನ್ನು ನೋಡಿ ಹಾಗೇ ಮಲಗುತ್ತವೆ.

ಬೋರ್ಡ್ ನಡುಗಿದರೆ

ವೇಗ ಏರುತ್ತಿದ್ದಂತೆ ಬೋರ್ಡ್ ಎಡಕ್ಕೆ ಬಲಕ್ಕೆ ತಾನಾಗಿ ಅಲುಗಾಡಲು ಶುರುಮಾಡಬಹುದು. ಭಯಕ್ಕೆ ಕಾಲು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ನಡುಕ ಜಾಸ್ತಿ. ಭಾರವನ್ನು ಮುಂದಿನ ಕಾಲಿಗೆ ತನ್ನಿ, ಮೊಣಕಾಲು ಸಡಿಲ ಬಿಡಿ, ನೆಟ್ಟಗೆ ಎದ್ದು ಎರಡೂ ಕೈ ಅಗಲಿಸಿ ಎದೆಗೆ ಗಾಳಿ ಹಿಡಿಯಿರಿ. ಅಷ್ಟಕ್ಕೇ ವೇಗ ಸ್ವಲ್ಪ ಇಳಿಯುತ್ತದೆ. ಆಮೇಲೆ ಕಾಲಿನ ಬ್ರೇಕ್.

ಬಿದ್ದ ಮೇಲೆ

ಮೊದಲ ಕೆಲಸ ರಸ್ತೆಯಿಂದ ಬದಿಗೆ ಬರುವುದು. ಆದರೆ ಕುತ್ತಿಗೆ ಅಥವಾ ಬೆನ್ನು ನೋವು ಅಂದರೆ ಎತ್ತಬೇಡಿ, ಹಾಗೇ ಮಲಗಿರಲಿ, ರಸ್ತೆಗೆ ನೀವು ಅಡ್ಡ ನಿಂತು 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಕೇಳಿದ್ದನ್ನೇ ಕೇಳುವುದು ಇದ್ದರೆ ನೇರ ಆಸ್ಪತ್ರೆಗೆ, ಮನೆಗಲ್ಲ. ಹೆಲ್ಮೆಟ್ಟಿಗೆ ಜೋರು ಪೆಟ್ಟು ಬಿದ್ದಿದ್ದರೆ ಅದು ಮತ್ತೆ ಉಪಯೋಗಕ್ಕಿಲ್ಲ.

ತರಚಿದ ಗಾಯಕ್ಕೆ ಬೇಕಾಗಿರುವುದು ನೀರು, ಸೋಪು, ತಾಳ್ಮೆ. ಒಳಗೆ ಕೂತ ಕಲ್ಲುಪುಡಿ ಪೂರ್ತಿ ಹೋಗಬೇಕು. ಮನೆಯಲ್ಲಿ ಯಾರಾದರೂ ಕಾಫಿಪುಡಿ ಮೆತ್ತಲು ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ, ಬೇಡ ಅನ್ನಿ. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದಿರಿ ಅಂತ ನೆನಪಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಕೈ ಊರಿ ಬಿದ್ದು ಹೆಬ್ಬೆರಳ ಬುಡದಲ್ಲಿ ನೋವು ಉಳಿದರೆ ಉಳುಕು ಅಂತ ಎಣ್ಣೆ ತಿಕ್ಕಿಸಬೇಡಿ. ಅಲ್ಲಿ ಒಂದು ಸಣ್ಣ ಮೂಳೆ ಇದೆ, ಅದು ಮುರಿದಿದ್ದರೂ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವು ಹೋಗದಿದ್ದರೆ ಮತ್ತೆ ತೋರಿಸಿ.

ಹೊರಡುವ ಮುಂಚೆ

ಎಲ್ಲಾ ನಟ್ಟಿಗೂ ಒಂದು ಸುತ್ತು ಸ್ಪ್ಯಾನರ್ ಹಾಕಿ ನೋಡಿ. ಚಕ್ರಗಳು ಒಂದೇ ಸಮ ಸವೆಯುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ಮುಂದಿನ ಎಡದ್ದನ್ನು ಹಿಂದಿನ ಬಲಕ್ಕೆ, ಮುಂದಿನ ಬಲದ್ದನ್ನು ಹಿಂದಿನ ಎಡಕ್ಕೆ ಅದಲು ಬದಲು ಮಾಡಿ. ಬೇರಿಂಗ್ ಗರಗರ ಅಂದರೆ ಬಿಚ್ಚಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ. ರಂಗೋಲಿ ಗೆರೆ ಅಳಿಸಿ ಬನ್ನಿ, ಯಾರೋ ಸೈಟಿಗೆ ಏನೋ ಮಾಡಿಸಿದ್ದಾರೆ ಅಂತ ಒಮ್ಮೆ ವಾಚ್‌ಮನ್ ಅಣ್ಣ ಗಾಬರಿಯಾಗಿದ್ದರು.

ಮುಂದಿನ ಭಾನುವಾರದಿಂದ ಆರನೆಯವನೊಬ್ಬ ಸೇರಿಕೊಳ್ಳುತ್ತಿದ್ದಾನೆ. ಹೊಸ ಬೋರ್ಡ್ ತರಲಾ ಅಂತ ಕೇಳಿದ. ನಮ್ಮ ಪೊರಕೆ ಸವೆದಿದೆ, ಅದನ್ನು ತಾ ಅಂದೆವು.